ಸುಮಾಳ ಹರಳು, ನನ್ನ ನೀಲಿ

ಬಟ್ಟೆ ಒಣಹಾಕುತ್ತಿದ್ದೆ. ನೆತ್ತಿಯ ಮೇಲೇ ವಿಮಾನ ಬಂತು. ಅಷ್ಟು ಕೆಳಗೆ ಹಾರುವುದನ್ನು ನಮ್ಮೂರು ಇಂಡಿಯಲ್ಲಿ ಯಾರು ಕಂಡಿದ್ದಾರೆ? ಬಕೆಟ್ ಬಿಟ್ಟು ಗೋಡೆಗೆ ಆತುಕೊಂಡು ಕುಳಿತುಬಿಟ್ಟೆ.

"ಎದ್ರ್ಕೋಬೇಡ ಕಣಮ್ಮ. ಜಕ್ಕೂರಲ್ಲಿ ಹಾರೋದು ಕಲೀತಾರೆ, ದಿನಾ ಇಂಗೇ" ಎಂದರು ಮನೆಯೊಡತಿ ಗೌರಮ್ಮ. ಅವರ ಮಗಳು ಸುಮಾ ತಲೆಯನ್ನೂ ಎತ್ತಲಿಲ್ಲ. ಅವಳು ಹುಟ್ಟಿ ಬೆಳೆದದ್ದೇ ಈ ಅಮೃತಹಳ್ಳಿಯಲ್ಲಿ. ಆ ನಿಶ್ಚಿಂತೆ ಕಂಡು ಅವತ್ತೇ ನನ್ನ ಹೊಟ್ಟೆ ಉರಿಯಿತು.

ಸುಮಾ ಮತ್ತು ನಾನು ಒಂದೇ ಪ್ರಯೋಗಾಲಯದವರು. ಅವಳ ಮನೆಯ ಮಹಡಿಯ ಕೋಣೆ ನನಗೆ ಬಾಡಿಗೆಗೆ ಸಿಕ್ಕಿದ್ದೂ ಹಾಗೆ. ಮರೆವಿನ ಕಾಯಿಲೆಯಲ್ಲಿ ಮಿದುಳಿನೊಳಗೆ ಗಂಟುಕಟ್ಟುವ ಅಮೈಲಾಯ್ಡ್ ಇದೆಯಲ್ಲ, ಅದರದೊಂದು ಚಿಕ್ಕ ತುಣುಕು ನಮ್ಮ ಕೆಲಸದ ವಸ್ತು. ಪೆಪ್ಟೈಡ್ ಎನ್ನುತ್ತಾರೆ. ಅದರಷ್ಟಕ್ಕೆ ಬಿಟ್ಟರೆ ಎಳೆಎಳೆಯಾಗಿ ಸಿಕ್ಕುಗಟ್ಟುತ್ತದೆ. ಲೋಹ ಬೆರೆಸಿ ಹದ ಕೂಡಿಬಂದರೆ ಲೋಹದ ಅಯಾನುಗಳು ತುಣುಕುಗಳನ್ನು ಅಕ್ಕಪಕ್ಕ ಹಿಡಿದು, ಸಾಲಾಗಿ ನಿಲ್ಲಿಸಿ ಹರಳು ಕಟ್ಟುತ್ತವೆ. ಅವಳದು ಸತು, ನನ್ನದು ತಾಮ್ರ. ಅವಳ ಸೀಸೆಯಲ್ಲಿ ಸಕ್ಕರೆಯಂಥ ಹರಳುಗಳು, ನನ್ನದರಲ್ಲಿ ನೀಲಿ ಗಂಜಿ.

ನಮ್ಮ ಕಡೆ ಯಾರ ಕಟ್ಟೆಯ ಮುಂದೆ ಹಾದರೂ "ಬಾ, ಕುಂದ್ರು" ಎನ್ನುತ್ತಾರೆ. ಇಲ್ಲಿ "ಊಟ ಆಯ್ತಾ?" ಎನ್ನುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ. ಮುದ್ದೆಯನ್ನು ಅಗಿಯದೆ ನುಂಗಲು ಕಲಿತದ್ದೇ ಇಲ್ಲಿ ನನ್ನ ದೊಡ್ಡ ಗೆಲುವು. ಸುಮಾಳಿಗೆ ಬಡಿಸಲು ತಾಯಿ ಇದ್ದಾರೆ, ಸೀಸೆಯಲ್ಲಿ ಹರಳೂ ಇದೆ. ಎರಡೂ ಒಬ್ಬಳಿಗೇ ಯಾಕೆ?

ಅಷ್ಟರಲ್ಲಿ ಪ್ರಯೋಗಾಲಯದ ನಮ್ಮ ಮೇಷ್ಟ್ರು ಹೇಳಿದರು: "ಈ ತಿಂಗಳೂ ಹರಳು ಬರ್ಲಿಲ್ಲ ಅಂದ್ರೆ ತಾಮ್ರಾನೂ ಸುಮಾನೇ ಮಾಡ್ಲಿ." ತಾಮ್ರ ಹೋದರೆ ಇಲ್ಲಿ ನನಗೆ ಕೆಲಸವಿಲ್ಲ. ಗಂಟುಮೂಟೆ ಕಟ್ಟಬೇಕು.

ಬೆಳೆದ ಹರಳಿನ ಚೂರೊಂದನ್ನು ಹಾಕಿದರೆ ಬೇರೆ ಸೀಸೆಯಲ್ಲೂ ಹರಳು ಕಟ್ಟಬಹುದು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಇದು ನನಗೂ ಗೊತ್ತಿತ್ತು. ಗೌರಮ್ಮನ ಮುಂದೆ ಹೆಪ್ಪಿಗೆ ದಿನಾ ಲೋಟ ಹಿಡಿಯುವವಳಿಗೆ ಅವರ ಮಗಳನ್ನು ಕೇಳಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ, ಹೆಪ್ಪಿನ ಲೋಟ ಹಿಡಿದೇ ಕೇಳಿದೆ.

"ತಗೋ ಕಣೇ, ಚೆನ್ನಾಗಿರೋದೇ ತಗೋ. ಕೇಳಕ್ಕೆ ಇಷ್ಟ್ ದಿನ ಬೇಕಾಯ್ತಾ?" ಎಂದಳು ಸುಮಾ. ಕೊಡುವುದಿಲ್ಲ ಎಂದಿದ್ದರೆ ನೆಮ್ಮದಿಯಾಗಿ ಸಿಟ್ಟಾದರೂ ಮಾಡಿಕೊಳ್ಳುತ್ತಿದ್ದೆ.

ವಾರ ಕಳೆಯುವುದರೊಳಗೆ ಹರಳು ಬಂತು. ಅಪ್ಪಟ ನೀಲಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ನಟ್ಟನಡುವೆ ಬಣ್ಣವಿಲ್ಲದ ಒಂದು ಚುಕ್ಕೆ, ಸುಮಾಳ ಚೂರು. ತಾಮ್ರ ನನ್ನಲ್ಲೇ ಉಳಿಯಿತು.

ಸಂಜೆ ಮಹಡಿಯ ಮೇಲೆ ನಿಂತು ಅವ್ವನಿಗೆ ಫೋನ್ ಮಾಡಿದೆ. "ಏನವಾ ಅದು ಸಪ್ಪಳ?" ಎಂದು ಗಾಬರಿಯಾದಳು.

"ಇಮಾನ ಬೇ. ದಿನಾ ಬರತೈತಿ" ಎಂದೆ. ತಲೆ ಎತ್ತಿರಲಿಲ್ಲ.

ಹರಳು ಬಂದ, ತಾಮ್ರ ನನ್ನಲ್ಲೇ ಉಳಿದ ಸುದ್ದಿ ಹೇಳಿದೆ. "ಹಂಗಾರ ಆ ಹರಳು ಪೂರಾ ನಿಂದ ಏನವಾ?" ಎಂದಳು ಅವ್ವ.

ಕೆಳಗೆ ಸುಮಾ ಬಟ್ಟೆ ಹಿಂಡುತ್ತಿದ್ದಳು. "ನೀಲಿ ನಂದ ಬೇ" ಎಂದೆ.