ಜೆಫ್ರಿಯ ಮೌನಕ್ಕೆ ನಮ್ಮ ಶಾಲು

ನಾಯಕಿ ಇನ್ನೇನು ಪ್ರಾಣ ಬಿಡಬೇಕು, ಅಷ್ಟರಲ್ಲಿ ವೇದಿಕೆ ಮೇಲೆ ಹಣ್ಣಿನ ಬುಟ್ಟಿ ಬಂತು.

ಬುಟ್ಟಿಯ ಹಿಂದೆ ಶಾಲು, ಶಾಲಿನ ಹಿಂದೆ ಮೈಸೂರು ಪೇಟ, ಪೇಟದ ಹಿಂದೆ ಏಲಕ್ಕಿ ಹಾರ, ಹಾರದ ಹಿಂದೆ ನಮ್ಮ ಸಂಘದ ಅಧ್ಯಕ್ಷರಾದ ಬಾಲಕೃಷ್ಣ ಶೆಟ್ಟರು. ನೆಲದ ಮೇಲೆ ಮಲಗಿದ್ದ ನಾಯಕಿ ಅರ್ಧ ಕಣ್ಣು ತೆರೆದಳು. ತನ್ನನ್ನು ದಾಟಿ ಹೋದ ಅನಾನಸ್ಸನ್ನು ನೋಡಿ ಮತ್ತೆ ಮುಚ್ಚಿಕೊಂಡಳು. (ಪಾಪ, ಇನ್ನೇನು ಮಾಡಿಯಾಳು?)

ದುಬೈಯ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಬಂದು ಅಭ್ಯಾಸ ಇದ್ದವರಿಗೆ ಇದು ಹೊಸದಲ್ಲ. ಹೊಸಬರಾಗಿದ್ದವರು ನಾಟಕದ ನಿರ್ದೇಶಕರು. ಹೆಸರು ಜೆಫ್ರಿ, ದೇಶ ಇಂಗ್ಲೆಂಡ್, ಕಸುಬು ನಾಟಕ ಮತ್ತು ಒಪೆರಾ ನಿರ್ದೇಶನ. (ಒಪೆರಾ ಎಂದರೆ ಮಾತಿನ ಬದಲು ಹಾಡಿಕೊಂಡೇ ಆಡುವ ನಾಟಕ. ನಮ್ಮ ಹಳೇ ಕಂಪನಿ ನಾಟಕಗಳಲ್ಲೂ ಚೂರಿಯಿಂದ ತಿವಿಸಿಕೊಂಡವನು ಒಂದು ಹಾಡು ಮುಗಿಸಿಯೇ ಸಾಯುತ್ತಿದ್ದ. ಹಾಗಾಗಿ ಯಾರೂ ಗಾಬರಿಯಾಗಬೇಕಿಲ್ಲ.)

ಜೆಫ್ರಿಯ ಕತೆ ಸ್ವಲ್ಪ ಕೇಳಿ. ಇಂಗ್ಲೆಂಡಿನ ಉತ್ತರದಲ್ಲಿ, ಕಡಲ ದಂಡೆಯ ಸಣ್ಣ ಊರಿನ ರಂಗಮಂದಿರದಲ್ಲಿ ನಟರಿಗೆ ಟೀ ಮಾಡಿಕೊಡುವ ಕೆಲಸದಿಂದ ಶುರು. ಆಮೇಲೆ ಪರದೆ ಎಳೆದರು, ಮಾತು ಮರೆತವರಿಗೆ ಪಕ್ಕದಿಂದ ಹೇಳಿಕೊಟ್ಟರು. ಒಂದು ದಿನ ನಿರ್ದೇಶಕರು ಜಗಳವಾಡಿ ಎದ್ದು ಹೋದರು, ಇವರು ಆ ಕುರ್ಚಿಯಲ್ಲಿ ಕೂತರು. ಕೂತವರು ಏಳಲಿಲ್ಲ.

ನಾಟಕದಿಂದ ಒಪೆರಾಕ್ಕೆ ಹೋದರು. ಸೂಟು ಕೊಳೆಯಾಗುತ್ತದೆ ಅಂತ ಸಾಯುವ ದೃಶ್ಯದಲ್ಲೂ ನೆಲಕ್ಕೆ ಬೀಳಲು ಒಪ್ಪದ ಯುರೋಪಿನ ದೊಡ್ಡ ದೊಡ್ಡ ಗಾಯಕರನ್ನೆಲ್ಲ ಬೀಳಿಸಿದರು. ಪತ್ರಿಕೆಗಳು ಹೊಗಳಿದವು. ಮುಂದೆ ಅಲ್ಲಿ ಅನುದಾನ ಕಡಿಮೆಯಾಯಿತು, ಒಪೆರಾ ಕಡಿಮೆಯಾಯಿತು, ಜೆಫ್ರಿಯ ಫೋನ್ ರಿಂಗಾಗುವುದೂ ಕಡಿಮೆಯಾಯಿತು.

ಆಗ ದುಬೈ ಕರೆಯಿತು. ಒಂದೇ ಸೀಸನ್ ಅಂತ ಬಂದರಂತೆ. (ನಗಬೇಡಿ. 'ಎರಡೇ ವರ್ಷ, ಊರಲ್ಲೊಂದು ಸೈಟ್ ಆದ ಕೂಡಲೇ ವಾಪಸ್' ಅಂತ ಬಂದವರು ಈಗ ಅಲ್ ನಹ್ದಾದಲ್ಲಿ ಮೊಮ್ಮಕ್ಕಳನ್ನು ಸ್ಕೂಲ್ ಬಸ್ ಹತ್ತಿಸುತ್ತಿದ್ದಾರೆ.)

ಇಲ್ಲಿ ಜೆಫ್ರಿ ಏನು ನಿರ್ದೇಶಿಸಿದರು? ಮಾಲ್ ಉದ್ಘಾಟನೆ. ಟವರ್ ಲಾಂಚ್. ಆಕಾಶದಿಂದ ಇಳಿಯುವ ಸೆಂಟ್ ಬಾಟಲಿ. ಅಬುಧಾಬಿಯಲ್ಲೊಮ್ಮೆ ಸಾಲಾಗಿ ಪಿಟೀಲು ಕುಯ್ಯಿಸುತ್ತ ಆಳೆತ್ತರದ ಫ್ರಿಜ್ಜಿನ ಬಾಗಿಲು ತೆರೆಸಿದರು. ಒಳಗಿನಿಂದ ಕಂಪನಿಯ ಚೇರ್ಮನ್ ಹೊರಗೆ ಬಂದರು. ಎಲ್ಲ ಕಾರ್ಯಕ್ರಮಗಳ ಕೊನೆಯೂ ಒಂದೇ. ಚೇರ್ಮನ್ ಬರಬೇಕು, ಹೊಗೆ ಏಳಬೇಕು, ಬೆಳಕು ಅವರ ಮುಖಕ್ಕೆ ಬೀಳಬೇಕು, ಜನ ಫೋನ್ ಎತ್ತಬೇಕು. ಖಲಾಸ್.

ನಾನು ಕೆಲಸ ಮಾಡುವುದು ಇಂಥ ಕಾರ್ಯಕ್ರಮಗಳಿಗೆ ಲೈಟು, ಸ್ಪೀಕರ್ ಬಾಡಿಗೆಗೆ ಕೊಡುವ ಕಂಪನಿಯಲ್ಲಿ. ಹಾಗಾಗಿ ಪರಿಚಯ. ಒಂದು ಸಂಜೆ ಕರಕ್ ಚಹಾ ಕುಡಿಯುತ್ತ, ನಮ್ಮ ಸಂಘದ ನಾಟಕಕ್ಕೆ ನಿರ್ದೇಶಕರಿಲ್ಲ ಅಂತ ಸುಮ್ಮನೆ ಗೊಣಗಿದೆ. ಜೆಫ್ರಿ ಕಪ್ ಕೆಳಗಿಟ್ಟು, "ನಾನು ಮಾಡಲೇ?" ಅಂದರು. ಸಂಭಾವನೆ ಬೇಡವಂತೆ!

"ನಿಮಗೆ ಕನ್ನಡ ಬರುವುದಿಲ್ಲವಲ್ಲ?" ಅಂದೆ.

"ರಷ್ಯನ್ ಒಪೆರಾ ಮಾಡಿಸುವಾಗ ರಷ್ಯನ್ ಕೂಡ ಬರುತ್ತಿರಲಿಲ್ಲ. ಹಾಡುವವರಿಗೂ ಬರುತ್ತಿರಲಿಲ್ಲ, ಕೇಳುವವರಿಗೂ ಬರುತ್ತಿರಲಿಲ್ಲ. ಆದರೂ ಕೊನೆಗೆ ಎಲ್ಲರೂ ಅಳುತ್ತಿದ್ದರು," ಅಂದರು.

ಆಮೇಲೆ ನಿಜ ಹೇಳಿದರು. ಲಾಂಚ್ ಕಂಪನಿಯವರು ಹೊಸ ಕಾಂಟ್ರಾಕ್ಟ್ ಮುಂದಿಟ್ಟಿದ್ದಾರೆ. ಟೀ ಮಾಡಿಕೊಡುತ್ತಿದ್ದ ಆ ಸಣ್ಣ ಊರಿನ ರಂಗಮಂದಿರದವರೂ ಬಾ ಅಂದಿದ್ದಾರೆ, ಸಂಬಳ ಅಷ್ಟಕ್ಕಷ್ಟೇ. "ನಾಟಕಕ್ಕೊಂದು ಸರಿಯಾದ ಕೊನೆ ಕೊಡುವುದು ನನಗಿನ್ನೂ ಬರುತ್ತದೆಯೇ ಅಂತ ನೋಡಿಕೊಳ್ಳಬೇಕು. ಬಂದರೆ ಊರಿಗೆ ಹೋಗುತ್ತೇನೆ. ಬರದಿದ್ದರೆ ಇಲ್ಲೇ ಸಹಿ ಹಾಕುತ್ತೇನೆ."

ಅಂದರೆ ಒಬ್ಬರು ತಮ್ಮ ಇಡೀ ವೃತ್ತಿಜೀವನದ ಪರೀಕ್ಷೆಯನ್ನು ನಮ್ಮ ಸಂಘದ ಕೈಗೆ ಕೊಟ್ಟರು. ಎಂಥ ಧೈರ್ಯ ನೋಡಿ!

ನಾಟಕ ಬರೆದದ್ದು ಸಂಘದ ಹಿರಿಯರೊಬ್ಬರು. ಕಡಲೂರಿನ ಒಬ್ಬ ವಿಧವೆ. ಗಂಡನ ದೋಣಿಯನ್ನು ಯಾರು ಕೇಳಿದರೂ ಮಾರುವುದಿಲ್ಲ. ಕೊನೆಗೆ ಸಾಯುವಾಗ ಒಂದೇ ಒಂದು ಸಾಲಿನಲ್ಲಿ ದೋಣಿ ಯಾರಿಗೆ ಅಂತ ಹೇಳುತ್ತಾಳೆ. ಪಾತ್ರ ಸಿಕ್ಕಿದ್ದು ಮಂಗಳೂರಿನ ಲವೀನಾಗೆ. ಅಬುಧಾಬಿಯ ಆಸ್ಪತ್ರೆಯಲ್ಲಿ ನರ್ಸ್. ಸಂಘದಲ್ಲಿ ಇಷ್ಟು ವರ್ಷ ಆಕೆಗೆ ಸಿಕ್ಕ ಪಾತ್ರ ಅತಿಥಿಗಳಿಗೆ ಹೂಗುಚ್ಛ ಕೊಡುವುದು. ಈಗ ಡ್ಯೂಟಿ ಮುಗಿಸಿ, ಅಲ್ಲೇ ಎಲೆಕ್ಟ್ರಾ ಸ್ಟ್ರೀಟಿನಲ್ಲಿದ್ದ ತನ್ನ ರೂಮಿಗೂ ಹೋಗದೆ ಸೀದಾ ದುಬೈ ಬಸ್ ಹತ್ತಿ ರಿಹರ್ಸಲ್‌ಗೆ ಬರುತ್ತಿದ್ದಳು.

ಜೆಫ್ರಿ ಹಟ ಹಿಡಿದದ್ದು ಒಂದೇ ವಿಷಯಕ್ಕೆ. ಆ ಕೊನೆಯ ಸಾಲಿನ ಮೊದಲು ಮೌನ ಬೇಕು. ಸಣ್ಣಪುಟ್ಟ ಮೌನವಲ್ಲ, ಸಭೆಯೇ ಉಸಿರು ಬಿಗಿಹಿಡಿಯುವಂಥ ಮೌನ. ಆಮೇಲೆ ಆ ಸಾಲು, ಆಮೇಲೆ ಕತ್ತಲೆ.

"ಸರ್, ಅಷ್ಟೊತ್ತು ಸುಮ್ಮನೆ ಮಲಗಿದ್ರೆ ನಾನು ಮಾತು ಮರ್ತದ್ದು ಅಂತ ಎಣಿಸ್ತಾರೆ," ಅಂದಳು ಲವೀನಾ. ನಾನು ಇಂಗ್ಲಿಷಿಗೆ ತಿರುಗಿಸಿದೆ. ಜೆಫ್ರಿ ನಕ್ಕು, "ಜನರನ್ನು ನಂಬು," ಅಂದರು.

ನಂಬು ಅಂದರು! ನಮ್ಮ ಸಭೆಗಳಲ್ಲಿ ವೇದಿಕೆ ಮೌನವಾಯಿತು ಎಂದರೆ ಏನರ್ಥ? ಒಂದೋ ಮೈಕ್ ಕೆಟ್ಟಿದೆ, ಇಲ್ಲವೇ ಕಾರ್ಯಕ್ರಮ ಮುಗಿದಿದೆ. ಮೂರನೆಯ ಅರ್ಥ ಇರಬಹುದು ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಆ ಸಂಜೆ ಬಂತು. ಜೆಫ್ರಿ ಹಾಲ್‌ನ ಹಿಂಭಾಗದ ಲೈಟ್ ಬೋರ್ಡಿನ ಮುಂದೆ, ಮಾತು ಎಲ್ಲಿಗೆ ಬಂತು ಅಂತ ಹೇಳಲು ನಾನು ಪಕ್ಕದಲ್ಲಿ. ನಾಟಕ ಎಷ್ಟು ಚೆನ್ನಾಗಿ ಹೋಯಿತು ಎಂದರೆ, ವಾಟ್ಸ್ಯಾಪ್ ನೋಡುತ್ತಿದ್ದವರು ಫೋನ್ ಕೆಳಗಿಟ್ಟಿದ್ದರು. ನಿಜ, ನಾನೇ ಕಣ್ಣಾರೆ ನೋಡಿದೆ. ಲವೀನಾ ಕುಸಿದಳು. ಮೌನ ಶುರುವಾಯಿತು. ಸಭೆ ಉಸಿರು ಬಿಗಿಹಿಡಿಯಿತು. ಜೆಫ್ರಿ ಸರಿಯಾಗಿಯೇ ಹೇಳಿದ್ದರು, ಜನ ನಂಬಿಕೆಗೆ ಅರ್ಹರೇ ಆಗಿದ್ದರು.

ನಂಬಿಕೆಗೆ ಅರ್ಹವಲ್ಲದ್ದು ಕಾರ್ಯಕಾರಿ ಸಮಿತಿ.

ಮುಖ್ಯ ಪ್ರಾಯೋಜಕರಾದ ಭಟ್ಕಳದ ಹಾಜಿ ಸಾಹೇಬರಿಗೆ ಮಂಗಳೂರಿನ ಫ್ಲೈಟ್ ಇತ್ತು. ಅವರು ಹೊರಡುವ ಮುಂಚೆ ಸನ್ಮಾನ ಆಗಬೇಕು. ಶೆಟ್ಟರು ವೇದಿಕೆಯ ಪಕ್ಕದ ಪರದೆಯ ಮರೆಯಲ್ಲಿ ಪೇಟ ಹಿಡಿದು ತುದಿಗಾಲಲ್ಲಿ ನಿಂತಿದ್ದರು. ವೇದಿಕೆ ಮೌನವಾಯಿತು. ಮೌನವಾಯಿತು ಎಂದರೆ ಮುಗಿಯಿತು. "ಯಲ್ಲಾ, ಬನ್ನಿ!" ಅಂತ ಪಕ್ಕದಲ್ಲಿದ್ದ ಹಾಜಿ ಸಾಹೇಬರ ಕೈ ಹಿಡಿದು ಎಳೆದೇಬಿಟ್ಟರು.

ಇಷ್ಟೇ ಆಗಿದ್ದರೆ ನಾನು ಈ ಅಂಕಣ ಬರೆಯುತ್ತಿರಲಿಲ್ಲ. ಇಂಥದ್ದು ವರ್ಷ ವರ್ಷವೂ ಆಗುತ್ತದೆ. ನಾನು ಬೆಚ್ಚಿಬಿದ್ದದ್ದು ಪಕ್ಕದಲ್ಲಿದ್ದ ಜೆಫ್ರಿಯ ಕೈ ನೋಡಿ.

ಸೂಟು ತೊಟ್ಟ ಒಬ್ಬ ಹಿರಿಯರು ವೇದಿಕೆಯ ಮಧ್ಯಕ್ಕೆ ಬಂದರು. ಜೆಫ್ರಿಯ ಎಡಗೈ ತಾನಾಗಿ ಮೇಲೆದ್ದು ಕಡಲ ಮಂಜಿಗೆಂದು ಇಟ್ಟಿದ್ದ ಹೊಗೆ ಯಂತ್ರದ ಗುಂಡಿ ಒತ್ತಿತು. ಬಲಗೈ ಬಂಗಾರದ ಬಣ್ಣದ ಬೆಳಕನ್ನು ನಿಧಾನವಾಗಿ ಏರಿಸಿ, ಲವೀನಾಳ ಮೇಲಿದ್ದ ಸ್ಪಾಟ್‌ಲೈಟ್ ತೆಗೆದು, ಹಾಜಿ ಸಾಹೇಬರ ಮುಖಕ್ಕೆ ಹಾಕಿತು. ಅದೆಂಥ ಹದ! ಪೇಟ ತಲೆಗೆ ಕೂರುವುದಕ್ಕೂ ಬೆಳಕು ತುಂಬುವುದಕ್ಕೂ ಸರಿಹೋಯಿತು. ಚಪ್ಪಾಳೆಯೋ ಚಪ್ಪಾಳೆ. ಸಂಘದ ಇತಿಹಾಸದಲ್ಲೇ ಇಷ್ಟು ಚೆಂದದ ಸನ್ಮಾನ ಆಗಿರಲಿಲ್ಲ.

ಜೆಫ್ರಿ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಆಮೇಲೆ ಅವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ನನಗೆ ಬಹಳ ಸಂಕಟವಾಯಿತು.

ಅತ್ತ ವೇದಿಕೆಯಲ್ಲಿ ಹಾಜಿ ಸಾಹೇಬರು ಬುಟ್ಟಿ ಹಿಡಿದುಕೊಂಡೇ ಕೆಳಗೆ ಬಗ್ಗಿದರು. ಲವೀನಾಳ ಕಾಲರ್ ಮೈಕ್ ಆನ್ ಇದ್ದ ಕಾರಣ ಎಲ್ಲರಿಗೂ ಕೇಳಿಸಿತು.

"ಅಮ್ಮಾ, ಆಮೇಲೆ ಏನಾಯ್ತು? ಆ ದೋಣಿ ಯಾರಿಗೆ ಕೊಟ್ರಿ?"

ಇಡೀ ಹಾಲ್‌ನಲ್ಲಿ ನಾಟಕ ನೋಡುತ್ತಿದ್ದ ಗಣ್ಯರು ಅವರೊಬ್ಬರೇ! ಲವೀನಾ ಎದ್ದು ಕೂತು ಬಾಯಿ ತೆರೆದಳು. ಅಷ್ಟರಲ್ಲಿ ಶೆಟ್ಟರು, "ಸಾಹೇಬ್ರೇ, ಫ್ಲೈಟಿಗೆ ಲೇಟಾಗ್ತದೆ. ಎಲ್ಲರೂ ಊಟಕ್ಕೆ ಏಳಿ, ಬಿರಿಯಾನಿ ಉಂಟು, ವೆಜ್ ಬಲಬದಿಗೆ," ಎಂದು ಘೋಷಿಸಿದರು. ಬಿರಿಯಾನಿಯ ಮುಂದೆ ಯಾವ ದೋಣಿ?

ವಾಪಸ್ ಬರುವಾಗ ಕಾರಿನಲ್ಲಿ ನನ್ನ ಮಗಳು ಕೇಳಿದಳು: "ಸೋ ಅಪ್ಪಾ, ಶೀ ಸೋಲ್ಡ್ ದ ಬೋಟ್ ಟು ದಟ್ ಫ್ರೂಟ್ ಅಂಕಲ್?" ನಾನು ಹೌದು ಅಂದುಬಿಟ್ಟೆ. ನಾಟಕಕ್ಕೆ ಏನಾದರೊಂದು ಕೊನೆ ಬೇಕಲ್ಲ?

ಎರಡು ದಿನ ಬಿಟ್ಟು ಜೆಫ್ರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಶೆಟ್ಟರ ಪರವಾಗಿ, ಸಮಿತಿಯ ಪರವಾಗಿ, ಅನಾನಸ್ಸಿನ ಪರವಾಗಿ.

"ನಿಮ್ಮ ಅಧ್ಯಕ್ಷರದ್ದು ತಪ್ಪಲ್ಲ. ಅವರು ಅವರ ಕೆಲಸ ಮಾಡಿದರು," ಅಂದರು. "ನಾನು ಬೆಳಕು ಆರಿಸಬಹುದಿತ್ತು. ಕೂಗಬಹುದಿತ್ತು. ಇಪ್ಪತ್ತು ವರ್ಷದ ಹಿಂದಿನ ಜೆಫ್ರಿಯಾಗಿದ್ದರೆ ವೇದಿಕೆಗೆ ಹಾರಿ ಆ ಬುಟ್ಟಿಯನ್ನು ಒದೆಯುತ್ತಿದ್ದ. ನನ್ನ ಕೈಗೆ ಈಗ ಏನು ಬರುತ್ತದೆ ಅಂತ ನೀವೂ ನೋಡಿದಿರಲ್ಲ." ಕಾಂಟ್ರಾಕ್ಟಿಗೆ ಸಹಿ ಹಾಕಿದರಂತೆ. ಮುಂದಿನ ತಿಂಗಳು ಯಾವುದೋ ಟವರಿನ ಲಾಂಚ್ ಇದೆಯಂತೆ.

ಈ ಸುದ್ದಿಯನ್ನು ಸಮಿತಿ ಸಭೆಯಲ್ಲಿ ಹೇಳಿದೆ. ಎಲ್ಲರಿಗೂ ಪರಮಾನಂದ. "ಒಳ್ಳೇದಾಯ್ತು ಮಾರಾಯ್ರೇ, ಅಂಥ ಲೈಟಿಂಗ್ ಮಾಡುವವರು ಇಲ್ಲೇ ಇರ್ಬೇಕು," ಅಂದ ಶೆಟ್ಟರು, ಮುಂದಿನ ವರ್ಷ ಜೆಫ್ರಿಗೇ ಸನ್ಮಾನ ಅಂತ ಠರಾವು ಮಂಡಿಸಿದರು.

ನಾನು ಮೆಲ್ಲಗೆ, "ನಾಟಕ ಪೂರ್ತಿ ಮುಗಿದ ಮೇಲೆ ತಾನೇ?" ಅಂದೆ.

ಶೆಟ್ಟರು ನನ್ನನ್ನು ಕನಿಕರದಿಂದ ನೋಡಿದರು. "ಎಂಥ ಹೇಳ್ತೀರಿ ನೀವು? ನಾಟಕ ಮುಗ್ದ ಮೇಲೆ ಜನ ಎಲ್ಲಿರ್ತಾರೆ?"

ಠರಾವು ಸರ್ವಾನುಮತದಿಂದ ಪಾಸಾಯಿತು. ಆ 'ಸರ್ವ'ರಲ್ಲಿ ನಾನೂ ಒಬ್ಬ ಅಂತ ಬೇರೆ ಹೇಳಬೇಕೆ?