ಶಿಫಾರಸು, ಮಂಜೂರಾತಿ ಮತ್ತು ಮಾವಶಿಯ ಗೋಡೆ

ಮಿರಜಿನ ಕೋಚಿಂಗ್ ಕ್ಲಾಸಿನಲ್ಲಿ ನಾನು ಕಲಿಸುವ ಇಂಗ್ಲಿಷಿನ ಬಗ್ಗೆ ನನಗೇ ಗೌರವವಿಲ್ಲ. ಬ್ಯಾಂಕ್ ಪರೀಕ್ಷೆಗೆ ಕೂರುವವರಿಗೆ ಒಂದೇ ಥರ ಕಾಣುವ ಪದಗಳನ್ನು ಬಿಡಿಸಿ ಕೊಡುವುದು ನನ್ನ ಕಸುಬು. ಆಕ್ಸೆಪ್ಟ್ ಎಂದರೆ ಕೈಯಲ್ಲಿ ತೆಗೆದುಕೊಳ್ಳುವುದು. ಅರ್ಜಿ ತೆಗೆದುಕೊಂಡವನು ಏನನ್ನೂ ಒಪ್ಪಿರುವುದಿಲ್ಲ. ರೆಕಮೆಂಡ್ ಎಂದರೆ ಕೊಡಬಹುದು ಎಂದು ಮೇಲಿನವನಿಗೆ ಹೇಳುವುದು. ಅಪ್ರೂವ್ ಎಂದರೆ ಸರಿಯೆಂದು ಒಪ್ಪುವುದು. ಸ್ಯಾಂಕ್ಷನ್ ಎಂದರೆ ಅಧಿಕಾರವಿದ್ದವನು ಕೊಟ್ಟೆನೆಂದು ಆದೇಶ ಬರೆಯುವುದು. ಇಷ್ಟನ್ನು ಹಲಗೆಯ ಮೇಲೆ ಬರೆದು, ಈ ಭೇದಗಳನ್ನೆಲ್ಲ ನಾನೇ ಹುಟ್ಟಿಸಿದವನ ಹಾಗೆ ನಿಲ್ಲುತ್ತೇನೆ.

ಸಲಗರೆಯಲ್ಲಿ ಕುರಿ ಸಾಕಿಕೊಂಡಿರುವ ಮಾವಶಿ, ನನ್ನ ಅವ್ವನ ತಂಗಿ, ಸರಕಾರಿ ಮನೆಗೆ ಅರ್ಜಿ ಹಾಕಿದ್ದಳು. ಅರ್ಜಿ ಎಲ್ಲಿಗೆ ಬಂತೆಂಬುದು ಮೊಬೈಲಿನಲ್ಲಿ ಇಂಗ್ಲಿಷಿನಲ್ಲಷ್ಟೇ ಕಾಣುತ್ತಿತ್ತು. ಕಚೇರಿಯ ಗುಮಾಸ್ತನನ್ನು ಕೇಳಿದರೆ ತಲೆಯೆತ್ತದೆ ಮರಾಠಿಯಲ್ಲಿ, "ಸ್ಟೇಟಸ್ ಬಘಾ ನಾ, ಕಾಕೂ" ಎನ್ನುತ್ತಿದ್ದ. ಓದಲು ಬಾರದವಳಿಗೆ ನೋಡಿಕೋ ಎನ್ನುವುದೇ ಅವನ ಜನಸೇವೆ.

ಒಂದು ಮಧ್ಯಾಹ್ನ ಅವಳು ಮೊಬೈಲ್ ಹಿಡಿದು ನೇರ ಕ್ಲಾಸಿಗೇ ಬಂದಳು. ಪರದೆಯ ಮೇಲೆ "ರೆಕಮೆಂಡೆಡ್" ಎಂದಿತ್ತು. ನನ್ನ ಬೆನ್ನ ಹಿಂದಿನ ಹಲಗೆಯ ಮೇಲೂ ಅದೇ ಪದ, ಅರ್ಥಸಮೇತ.

"ಶಿಫಾರಸ ಅಷ್ಟ ಆಗೇತ್ರಿ, ಮಂಜೂರ ಇನ್ನೂ ಆಗಿಲ್ಲ" ಎಂದು ನಾನು ಬಿಡಿಸಿ ಹೇಳಿದ್ದೆ ಎಂದೇ ನನ್ನ ನೆನಪು. ಹೆಂಡತಿಯ ಮುಂದೆಯೂ ಹಾಗೇ ಹೇಳಿಕೊಂಡು ತಿರುಗಿದೆ. ಹೋದ ವಾರ ಡೈರಿ ತೆಗೆದೆ. ನನ್ನದೇ ಅಕ್ಷರ: "ಮಾವಶಿ ಬಂದಿದ್ದಳು. ಮಂಜೂರಾಯಿತು ಎಂದೆ. ಹುಡುಗರ ಮುಂದೆಯೇ ನೆಟಿಗೆ ಮುರಿದು ದೃಷ್ಟಿ ತೆಗೆದಳು."

ಅದನ್ನು ಓದಿದ ಮೇಲೆ ಉಳಿದ ಮಾತೂ ಕೇಳತೊಡಗಿತು.

"ಖರೇನ? ಹಂಗಾರ ಹಳೇ ಗ್ವಾಡಿ ಕೆಡವಲ್ಯಾ?"

"ಇನ್ನ ಇಟ್ಕೊಂಡ ಏನ್ ಮಾಡ್ತೀರಿ, ಮಾವಶಿ?"

ಈ ಎರಡು ಸಾಲೂ ಡೈರಿಯಲ್ಲಿಲ್ಲ. ಆದ್ದರಿಂದ ಸುಳ್ಳಿರಬಹುದು ಎಂದು ಆಸೆಪಡುತ್ತೇನೆ. ಪದದ ಅರ್ಥ ಗೊತ್ತಿಲ್ಲದೆ ತಪ್ಪಿದ್ದರೆ ನಾನು ಬರೀ ದಡ್ಡ. ಗೊತ್ತಿತ್ತು. ಶಿಫಾರಸು ಎಂದಿದ್ದರೆ ಅವಳು ಪೆಚ್ಚಾಗಿ ಬಸ್ಸು ಹತ್ತುತ್ತಿದ್ದಳು. ಮಂಜೂರು ಎಂದರೆ ಮನೆ ನಾನೇ ಕೊಟ್ಟಂತೆ. ಆ ಗುಮಾಸ್ತ ಏನೂ ಹೇಳದೆ ಮಾಡಿದ್ದಕ್ಕಿಂತ ದೊಡ್ಡ ಕೇಡನ್ನು ಎಂ.ಎ. ಓದಿದ ನಾನು ಒಂದು ಮಾತಿನಲ್ಲಿ ಮಾಡಿದೆ.

ಅದೇ ವಾರ ಅವಳೂ ಅವಳ ಗಂಡ ಕಾಕಾನೂ ಸೇರಿ ಮಣ್ಣಿನ ಗೋಡೆ ಕೆಡವಿದರು. ಆದೇಶ ಬರಲಿಲ್ಲ. ಏನೋ ಒಂದು ಕಾಗದ ಕಡಿಮೆಯೆಂದು ಅರ್ಜಿ ಹಿಂದೆ ಬಂತು. ಈಗ ಅವರು ಕುರಿದೊಡ್ಡಿಯಲ್ಲಿ, ಗಾಳಿಗೆ ಹಾರದಂತೆ ಕಲ್ಲು ಹೇರಿದ ತಗಡಿನ ಕೆಳಗಿದ್ದಾರೆ, ಕುರಿಗಳು ಬಯಲಲ್ಲಿ.

ಭಾನುವಾರ ಡೈರಿ ಹಿಡಿದು ಸಲಗರೆಗೆ ಹೋದೆ. ತಪ್ಪು ನನ್ನದೇ ಎಂದು ಆ ಪುಟ ಓದಿ ಹೇಳಿದೆ. ಮಾವಶಿ ಕುರಿಗಳಿಗೆ ಹಿಂಡಿ ಕಲಸುತ್ತಿದ್ದಳು.

"ನೀ ಅಂದಿದ್ದ ನನಗ ಅವತ್ತಿಂದ ನೆನಪೈತಿ. ನಿನಗ ಬುಕ್ಕಿನ್ಯಾಗ ನೋಡಬೇಕಾತು?"

ಕಾಕಾ ನಕ್ಕ. "ಹೋಗ್ಲಿ ಬಿಡ. ಮಾಸ್ತರಗ ಬ್ಯಾಂಕಿನ ಇಂಗ್ಲಿಷ್ ಅಷ್ಟ ಬರತೈತಿ. ಮನೀದು ಬರಂಗಿಲ್ಲ."

ಕಾಗದ ಸೇರಿಸಿ ಮತ್ತೆ ಅರ್ಜಿ ಕಳಿಸಿದ್ದರಂತೆ. ಮಾವಶಿ ಕೈ ಒರೆಸಿಕೊಂಡು ಮೊಬೈಲ್ ಕೊಟ್ಟಳು. "ಏನೈತೋ ಅಷ್ಟ ಓದ. ನಿಂದೇನೂ ಸೇರಸಬ್ಯಾಡ."

"ಅಂಡರ್ ರಿವ್ಯೂ" ಎಂದಿತ್ತು.

"ಅಂದ್ರ?"

"ಯಾರೋ ನೋಡಾಕತ್ತಾರಂತ. ಕೊಡ್ತೀವಿ ಅಂದಿಲ್ರಿ. ಕೊಡಂಗಿಲ್ಲ ಅಂತನೂ ಅಂದಿಲ್ಲ."

ಮಾವಶಿ ಮೊಬೈಲ್ ವಾಪಸು ಇಸಿದುಕೊಂಡು ಕಾಕಾನ ಕಡೆ ತಿರುಗಿದಳು.

"ತಗಡಿನ ಮ್ಯಾಲ ಇನ್ನೆರಡು ಕಲ್ಲ ಇಡ್ರಿ."