ಚಿತ್ರ ಬಂತು, ದನಿ ಬರಲಿಲ್ಲ

ಕಳೆದ ಭಾನುವಾರ ಬೆಳಿಗ್ಗೆ ನಾನೊಂದು ತಪ್ಪು ಮಾಡಿದೆ. ‘ಅಪ್‌ಡೇಟ್ ಮಾಡಲೇ?’ ಎಂದು ಕಂಪ್ಯೂಟರ್ ಕೇಳಿತು. ‘ಹೂಂ’ ಎಂದೆ.

ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು? ವಿಡಿಯೋ ಎಡಿಟ್ ಮಾಡುವ ಸಾಫ್ಟ್‌ವೇರ್ ನಾಲ್ಕು ವರ್ಷದಿಂದ ತಕರಾರಿಲ್ಲದೆ ನಡೆಯುತ್ತಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡೆ.

ನಿಮಗೆ ಗೊತ್ತೇ ಇದೆ, ಫೋರ್ಟ್ ಏರಿಯಾದ ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನನಗೊಂದು ಕೆಲಸ ಅಂಟಿಕೊಂಡಿದೆ. ನಮ್ಮ ಘಾಟ್ಕೋಪರಿನ ಕನ್ನಡಿಗರಲ್ಲಿ ಯಾರಾದರೂ ತೀರಿಕೊಂಡರೆ ಶ್ರದ್ಧಾಂಜಲಿ ಸಭೆಗೆ ಐದು ನಿಮಿಷದ ವಿಡಿಯೋ ಮಾಡಿಕೊಡುವುದು. (ವಯಸ್ಸಾದವರು ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ.) ನನ್ನದೊಂದು ಪದ್ಧತಿಯೂ ಇದೆ. ಮೂಲ ದನಿಯನ್ನು ಪೂರ್ತಿ ತೆಗೆದು ಕೊಳಲು ಹಾಕುವುದು. ಮನೆಯ ವಿಡಿಯೋಗಳಲ್ಲಿ ಏನಿರುತ್ತದೆ ಹೇಳಿ? ಅರ್ಧ ತುಳು, ಅರ್ಧ ಹಿಂದಿ, ಕುಕ್ಕರಿನ ಸೀಟಿ, ಫ್ಯಾನ್ ಆಫ್ ಮಾಡಲಿಲ್ಲವೆಂಬ ಬೈಗುಳ. ಸಭೆಗೆ ಒಂದು ಗಾಂಭೀರ್ಯ ಬೇಡವೇ?

ಈ ಸಲದ ವಿಡಿಯೋ ವಾಸಣ್ಣನದು. ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಮೂವತ್ತು ವರ್ಷ ಸಪ್ಲೈಯರ್ ಆಗಿದ್ದವರು. ನಮ್ಮ ಬ್ಯಾಂಕಿನ ಅರ್ಧ ಜನ ಅವರ ಕೈಯಿಂದಲೇ ಉಂಡವರು. ಮಗಳು ಶ್ವೇತಾ ಪೆನ್‌ಡ್ರೈವ್ ತಂದಳು.

ಅಪ್‌ಡೇಟ್ ಆದ ಸಾಫ್ಟ್‌ವೇರ್ ಹೊಸ ಫೈಲುಗಳನ್ನೆಲ್ಲ ತೆಗೆದುಕೊಂಡಿತು. ಹಳೆಯ ಮೊಬೈಲಿನ ಒಂದೇ ಒಂದು ಫೈಲಿಗೆ ಮಾತ್ರ ‘ಇಂಪೋರ್ಟ್ ಆಗುವುದಿಲ್ಲ’ ಎಂದಿತು. ಫೈಲಿನ ಹೆಸರು ಬದಲಿಸಿದೆ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ (ನಮ್ಮೆಲ್ಲರ ಮನೆಮದ್ದು). ಸೆಟ್ಟಿಂಗ್ಸ್ ಪೂರ್ತಿ ತಡಕಾಡಿದೆ. ಕೊನೆಗೂ ಚಿತ್ರ ಬಂತು, ದನಿ ಬರಲಿಲ್ಲ. ವಾಸಣ್ಣ ಬರೀ ಬಾಯಿ ಆಡಿಸುತ್ತಿದ್ದರು.

“ತೊಂದರೆ ಇಲ್ಲಮ್ಮ, ಹೇಗೂ ಕೊಳಲು ಹಾಕ್ತೇನೆ,” ಎಂದೆ.

ಶ್ವೇತಾ ಅಳತೊಡಗಿದಳು. “ಅಂಕಲ್, ಫೋಟೋ ತುಂಬಾ ಉಂಟು. ಪಪ್ಪಾ ಕಾ ಆವಾಜ್ ಇದ್ರಲ್ಲಿ ಮಾತ್ರ ಉಂಟು. ಮ್ಯೂಸಿಕ್ ನಹೀ ಚಾಹಿಯೇ. ಆವಾಜ್ ಬೇಕು, ಪ್ಲೀಸ್.”

ನನಗೆ ನಾಚಿಕೆಯಾಯಿತು. ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಹಳೆಯ ಮೊಬೈಲುಗಳು ದನಿ ಹಿಡಿಯುತ್ತಿದ್ದ ಬಗೆಯನ್ನು ಹೊಸ ಆವೃತ್ತಿ ಕೈಬಿಟ್ಟಿದೆಯಂತೆ. ಒಂದು ಕನ್ವರ್ಟರಿನಲ್ಲಿ ಫೈಲನ್ನು ಹೊಸ ಬಗೆಗೆ ತಿರುಗಿಸಿ ಮತ್ತೆ ಹಾಕಿದೆ.

“ಹಾಂ ಮೇಡಂ, ಇಡ್ಲಿ ಉಂಟು, ವಡೆ ಉಂಟು, ಮಸಾಲೆ, ಸಾದಾ, ಉಪ್ಪಿಟ್ಟು ಖತಂ! ಎಂತ ತರ್ಲಿ?”

ಚಾಲಿನ ಒಂದೇ ಕೋಣೆಯ ಮನೆಯಲ್ಲಿ ಎಂಟು ವರ್ಷದ ಶ್ವೇತಾ ಗಿರಾಕಿಯಂತೆ ಠೀವಿಯಿಂದ ಕೂತಿದ್ದಾಳೆ. ಅಪ್ಪನ ಹೆಗಲ ಮೇಲೆ ಟವೆಲ್. ವಾರದ ಒಂದೇ ರಜೆಯ ದಿನವೂ ಮನುಷ್ಯ ಸಪ್ಲೈ ಮಾಡುತ್ತಿದ್ದಾರೆ! ಬರೀ ಹನ್ನೊಂದು ಸೆಕೆಂಡು. ಶ್ವೇತಾ ಅದನ್ನು ಮತ್ತೆ ಮತ್ತೆ ಹಾಕಿಸಿದಳು. ಕೊನೆಯ ಸಲ ಸ್ಕ್ರೀನಿಗೆ ಮೆಲ್ಲಗೆ ಉತ್ತರ ಕೊಟ್ಟಳು. “ಮಸಾಲೆ, ಪಪ್ಪಾ.”

ಅವಳು ಹೋದ ಮೇಲೆ ನನ್ನ ಹೆಂಡತಿ ಸುಮತಿಯ ವಿಡಿಯೋ ತೆರೆದೆ. ಮೂರು ವರ್ಷದ ಹಿಂದೆ ಅವಳ ಸಭೆಗೆ ನಾನೇ ಮಾಡಿದ್ದು. ಎಲ್ಲರೂ ಹೊಗಳಿದ್ದರು. ಅಡುಗೆಮನೆಯಲ್ಲಿ ಸೌಟು ಹಿಡಿದು ಅವಳು ನನಗೆ ಏನೋ ಹೇಳುತ್ತಾಳೆ, ಹೇಳಿ ತಾನೇ ನಗುತ್ತಾಳೆ. ಹಿಂದೆ ಕೊಳಲು. ಏನು ಹೇಳಿದ್ದಳು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಜಾಗವಿಲ್ಲವೆಂದು ಮೂಲ ಫೈಲುಗಳನ್ನು ಸಭೆ ಮುಗಿದ ವಾರವೇ ಡಿಲೀಟ್ ಮಾಡಿದ್ದೆ. ಇದನ್ನು ಯಾವ ಕನ್ವರ್ಟರಿಗೆ ಹಾಕಲಿ? ಅವಳು ಸತ್ತ ದಿನ ಅಳದೆ ಗಟ್ಟಿಯಾಗಿದ್ದವನು ಈ ಭಾನುವಾರ ಮಗುವಿನ ಹಾಗೆ ಅತ್ತೆ.

ಸುಮತಿ ಮಾತಿನ ಮಲ್ಲಿ. ನಿಮ್ಮಲ್ಲಿ ಎಷ್ಟೋ ಜನರ ಮನೆಗೆ ಅರಿಶಿನ-ಕುಂಕುಮಕ್ಕೆ ಬಂದವಳು, ಗೃಹಪ್ರವೇಶಗಳಲ್ಲಿ ಗಲಾಟೆ ಮಾಡಿದವಳು. ನಿಮ್ಮ ಯಾರದಾದರೂ ಹಳೆಯ ಮೊಬೈಲಿನಲ್ಲಿ ಅವಳು ಮಾತಾಡಿದ್ದು ಉಳಿದಿದೆಯೇ?